ಮೇಷ್ಟ್ರು ಆರಿಸಿದ ರೆಗ್ಯುಲೇಟರ್

ಮೊನ್ನೆ ಅತ್ತೆಗೆ ಮೀನೆಣ್ಣೆಯ ಗುಳಿಗೆ ಕೊಡಲೆಂದು ಡಬ್ಬಿ ತೆರೆದೆ. ಹಗರಿಬೊಮ್ಮನಹಳ್ಳಿಯ ಬಿಸಿಲಿಗೆ ಗುಳಿಗೆಗಳೆಲ್ಲ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಲು ಹೋದರೆ ಒಂದು ಬೆರಳ ನಡುವೆಯೇ ಒಡೆಯಿತು. ವಾಸನೆ ಮೂಗಿಗೆ ಬಂದದ್ದೇ ತಡ, ಡಬ್ಬಿಯನ್ನು ಅಲ್ಲೇ ಇಟ್ಟು ಗೋಡೆಗೆ ಒರಗಿ ನಿಂತುಬಿಟ್ಟೆ. ಮೀನೆಣ್ಣೆಯ ವಾಸನೆಯಲ್ಲ, ಅದರ ಮೇಲಿನ ಸಿಪ್ಪೆಯದು. ಕಾವಿಗೆ ಕರಗುವ ಜೆಲಟಿನ್ ವಾಸನೆ. ಪೇಂಟ್‌ಬಾಲ್ ಆಟದ ಬಣ್ಣದ ಗುಂಡುಗಳಿಗೂ ಇದೇ ಸಿಪ್ಪೆ ಇರುತ್ತದೆ.

"ಏನಾತವ್ವಾ?" ಎಂದು ಅತ್ತೆ ಕೇಳಿದರು. ಏನಿಲ್ಲ ಎಂದೆ. ಆದರೆ ಕಿವಿಯಲ್ಲಿ ಆ ಸದ್ದು ಮತ್ತೆ ಶುರುವಾಗಿತ್ತು...

ಆ ಬಣ್ಣದ ಗುಂಡಿನ ಆಟವನ್ನು ನಮ್ಮ ಕಡೆಗೆ ತಂದವರು, ಹೈಸ್ಕೂಲಿನಲ್ಲಿ ನಮಗೆ ಡ್ರಿಲ್ ಕಲಿಸಿದ ಮೇಷ್ಟ್ರು. ಕೊಟ್ಟೂರಿನಲ್ಲಿ ನಮ್ಮ ಮನೆಯ ಸಾಲಿನಲ್ಲೇ ಇದ್ದರು. ಆಟದ ಪಿರಿಯಡ್ಡಿನಲ್ಲಿ ಹೆಣ್ಣುಮಕ್ಕಳನ್ನು ಬೇವಿನ ಮರದ ಕೆಳಗೆ ಕೂರಿಸಿ ಗಂಡುಹುಡುಗರಿಗೆ ಚೆಂಡು ಕೊಡುವುದು ಆಗಿನ ರೂಢಿ. ಅವರು ಮಾತ್ರ ನಮ್ಮನ್ನೂ ಎಬ್ಬಿಸಿ ಓಡಿಸುತ್ತಿದ್ದರು. ಸೀಟಿ ಕೊರಳಲ್ಲಿ ತೂಗುತ್ತಿದ್ದರೂ ಊದಿದ್ದು ಕಡಿಮೆ. ತಪ್ಪು ಹೆಜ್ಜೆ ಇಟ್ಟವಳನ್ನು ದೂರದಿಂದ ಒಮ್ಮೆ ನೋಡಿ ತಲೆ ಅಲ್ಲಾಡಿಸಿದರೆ ಸಾಕು, ಅವಳು ನಿಂತಲ್ಲೇ ನಿಲ್ಲುತ್ತಿದ್ದಳು.

ನಿವೃತ್ತರಾದ ಮೇಲೆ, ಕಾನಹೊಸಹಳ್ಳಿಯ ಆಚೆ ಹೆದ್ದಾರಿಯ ಪಕ್ಕದಲ್ಲಿ ತಮ್ಮ ಪಾಲಿಗೆ ಬಂದಿದ್ದ ನೆಲದಲ್ಲಿ ಅವರು ಪೇಂಟ್‌ಬಾಲ್ ಮೈದಾನ ಮಾಡಿದರು. ಬಂಡೆ, ಜಾಲಿ, ಸೀತಾಫಲದ ಗಿಡ ಬಿಟ್ಟರೆ ಅಲ್ಲಿ ಬೇರೇನೂ ಇರಲಿಲ್ಲ. ಅಡಗಿ ಆಡುವ ಆಟಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗುತ್ತದೆ ಎನ್ನುವುದು ಅವರ ವಾದ. ಎರಡು ಗುಂಪಿನವರು ಮುಖಕ್ಕೆ ಮುಸುಕು ಹಾಕಿಕೊಂಡು, ಬಂಡೆಗಳ ಮರೆಯಿಂದ ಒಬ್ಬರ ಮೇಲೊಬ್ಬರು ಬಣ್ಣದ ಗುಂಡು ಹಾರಿಸುವ ಆಟ ಅದು. ಹಾರಿಸುವ ಸಾಧನವನ್ನು ಯಾರಾದರೂ ಗನ್ ಎಂದರೆ ಸಾಕು, "ಗನ್ ಅನಬ್ಯಾಡ್ರಿ. ಮಾರ್ಕರ್ ಅನ್ರಿ. ಇದು ಗುರುತು ಹಾಕತೈತಿ, ಗಾಯ ಮಾಡಂಗಿಲ್ಲ" ಎಂದು ತಿದ್ದುತ್ತಿದ್ದರು.

ಊರಿನವರು ಬಿಡುತ್ತಾರೆಯೇ? "ಮೇಷ್ಟ್ರು ರಿಟೈರ್ ಆದಮ್ಯಾಲ ಗೋಲಿ ಆಡಾಕ ಹತ್ಯಾರ" ಎಂದು ಮಿರ್ಚಿ ಬಜ್ಜಿಯ ಅಂಗಡಿಯ ಮುಂದೆ ನಗುತ್ತಿದ್ದರು. ಅವರೂ ನಿಂತು, "ಬರ್ರಿ, ನಿಮಗೂ ಒಂದು ಬಣ್ಣ ಹೊಡೀತೀನಿ, ಹೋಳಿ ತನಕ ಯಾಕ ಕಾಯ್ತೀರಿ" ಎಂದು ನಕ್ಕೇ ಮುಂದೆ ಹೋಗುತ್ತಿದ್ದರು.

ನಾನು ಆಗ ಬಿ.ಎಸ್ಸಿ. ಮುಗಿಸಿ ನೌಕರಿಯ ಪರೀಕ್ಷೆಗಳಿಗೆ ಓದುತ್ತಿದ್ದೆ. ಆಡಲು ಬರುವವರ ಫೋನು ನೋಡಿಕೊಳ್ಳಲು, ಹೆಣ್ಣುಮಕ್ಕಳಿಗೆ ಆಟದ ನಿಯಮ ಹೇಳಲು ಅವರು ನನ್ನನ್ನು ಕರೆದರು. ಓದು ಬೇಸರವಾಗಿತ್ತು, ಹೋದೆ.

ಮಾರ್ಕರ್‌ಗಳು ಮುಚ್ಚಿಹೋದ ಯಾವುದೋ ರೆಸಾರ್ಟಿನಿಂದ ತಂದ ಹಳೆಯವು. ಅವಕ್ಕೆ ಗಾಳಿ ತುಂಬಿದ ಸಣ್ಣ ಬಾಟಲಿಗಳನ್ನು ಜೋಡಿಸಬೇಕು. ಬಾಟಲಿಯೊಳಗಿನ ಗಾಳಿ ಲಾರಿಯ ಟೈರಿನ ಗಾಳಿಗಿಂತ ಎಷ್ಟೋ ಪಟ್ಟು ಬಿಗಿ. ಅದನ್ನು ಹಾಗೇ ಬಿಟ್ಟರೆ ಮಾರ್ಕರ್ ತಡೆಯುವುದಿಲ್ಲ. ಬಾಟಲಿಯ ಬಾಯಿಗೆ ಕೂರುವ ರೆಗ್ಯುಲೇಟರ್ ಅದನ್ನು ಪಳಗಿಸಿ ಹದವಾಗಿ ಹೊರಗೆ ಬಿಡುತ್ತದೆ. ಮುಷ್ಟಿಯಲ್ಲಿ ಮುಚ್ಚುವಷ್ಟು ಚಿಕ್ಕದು. ಆ ಚಿಕ್ಕ ವಸ್ತುವನ್ನು ಆರಿಸಲು ಮೇಷ್ಟ್ರು ಬೇಸಿಗೆಯಿಡೀ ತೆಗೆದುಕೊಂಡರು.

ಮನೆಯ ಪಡಸಾಲೆಯಲ್ಲಿ ಬೇರೆ ಬೇರೆ ನಮೂನೆಗಳನ್ನು ಹರಡಿಕೊಂಡು ಕೂರುತ್ತಿದ್ದರು. ಒಂದರಲ್ಲಿ ಒತ್ತಡ ತೋರಿಸುವ ಮುಳ್ಳು ಕಣ್ಣಿಗೆ ಕಾಣದಷ್ಟು ಸಣ್ಣದು. ಇನ್ನೊಂದರಲ್ಲಿ ಗಾಳಿ ತುಂಬುವ ಮೂತಿ ಸವೆದರೆ ಬದಲಿಸಲು ಬರುವುದಿಲ್ಲ. ಮಾರುವವನು ಫೋನಿನಲ್ಲಿ, ಹೆಚ್ಚು ಒತ್ತಡ ಬಿಡುವುದನ್ನೇ ತೆಗೆದುಕೊಳ್ಳಿ, ಎಲ್ಲರೂ ಅದನ್ನೇ ಕೇಳುತ್ತಾರೆ ಎಂದು ಹಠ ಹಿಡಿದಿದ್ದ. "ಎಲ್ಲಾರೂ ಕೇಳ್ತಾರಂತ ನಾ ಯಾಕ ಕೇಳ್ಲೋ ತಮ್ಮಾ? ನನ್ನ ಮಾರ್ಕರ್ ಎಷ್ಟು ತಡೀತಾವೋ ಅಷ್ಟು ಸಾಕು. ಆಡಾವ್ರು ಮಕ್ಕಳು" ಎಂದು ಇವರು ಫೋನು ಇಟ್ಟುಬಿಟ್ಟರು. ನನ್ನ ಕಡೆ ತಿರುಗಿ, "ಗ್ಯಾಸಿನ ಒಲಿದು ಆದ್ರ ಎಲ್ಲಾ ಮನಿಗೂ ಒಂದೇ ರೆಗ್ಯುಲೇಟರ್. ಇದು ಹಂಗಲ್ಲವ್ವಾ. ಇದನ್ನ ಹೆಣ್ಣು ನೋಡಿದಂಗ ನೋಡಬೇಕು" ಎಂದರು.

ಅವರ ಹೆಂಡತಿ ಪಕ್ಕದಲ್ಲೇ ಹೊಲಿಗೆ ಮಿಷನ್ನು ತುಳಿಯುತ್ತಿದ್ದರು. ಓಣಿಯ ಅರ್ಧ ಹೆಂಗಸರ ಕುಪ್ಪಸ ಹೊಲಿಯುವವರು ಅವರೇ. ನಾನು ಅವರನ್ನು ದೊಡ್ಡವ್ವ ಎನ್ನುತ್ತಿದ್ದೆ. ಮಿಷನ್ನು ನಿಲ್ಲಿಸದೆಯೇ ಹೇಳಿದರು: "ನನ್ನ ನೋಡಾಕ ಬಂದಾಗ ಅರ್ಧ ತಾಸೂ ಕುಂದರಲಿಲ್ಲ ಈ ಮನಷ್ಯಾ. ಅವಲಕ್ಕಿ ತಿಂದು ಎದ್ದು ಹೋದ್ರು. ಈ ಕಬ್ಬಣದ ತುಂಡಿಗೆ ನೋಡು, ತಿಂಗಳಾನಗಟ್ಲೆ!"

"ಅದಕ್ಕs ಈ ಸಲ ಹುಷಾರಾಗಿ ನೋಡಾಕತ್ತೀನಿ" ಎಂದರು ಮೇಷ್ಟ್ರು. ದೊಡ್ಡವ್ವ ಒಂದು ಬಟ್ಟೆಯ ಚೂರು ಉಂಡೆ ಮಾಡಿ ಅವರ ಮೇಲೆ ಒಗೆದರು. ನಾವು ಮೂವರೂ ಎಷ್ಟು ನಕ್ಕೆವೋ...

ಕೊನೆಗೆ ಒಂದನ್ನು ಒಪ್ಪಿದರು. ಕಡಿಮೆ ಒತ್ತಡ ಬಿಡುವಂಥದ್ದು. ಗಾಳಿ ಮಿತಿಮೀರಿ ತುಂಬಿದರೆ ತಾನೇ ಒಡೆದು ಗಾಳಿಯನ್ನು ಪಕ್ಕಕ್ಕೆ ಬಿಟ್ಟುಬಿಡುವ ತೆಳು ಬಿಲ್ಲೆ ಅದರಲ್ಲಿತ್ತು. ಮುಳ್ಳು ಮುಸುಕಿನೊಳಗಿಂದಲೂ ಕಾಣುತ್ತಿತ್ತು. ಬಂದ ಒಂದೊಂದನ್ನೂ ಬಾಟಲಿಗೆ ಕೂರಿಸಿ, ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಗುಳ್ಳೆ ಬರುತ್ತದೆಯೇ ಎಂದು ಉಸಿರು ಹಿಡಿದು ನೋಡಿದರು. ಒಂದರಲ್ಲೂ ಬರಲಿಲ್ಲ.

ಮೈದಾನದಲ್ಲಿ ಗಾಳಿ ತುಂಬುವ ಜಾಗಕ್ಕೆ ಕಲ್ಲುಚಪ್ಪಡಿ ನಿಲ್ಲಿಸಿ ಗೋಡೆ ಮಾಡಿದ್ದರು. ದೊಡ್ಡ ಸಿಲಿಂಡರಿನಿಂದ ಬಾಟಲಿಗೆ ಗಾಳಿ ಬಿಡುವಾಗ ಒಳಗೆ ಅವರೊಬ್ಬರೇ ಇರಬೇಕು, ಉಳಿದವರು ಗೋಡೆಯ ಈಚೆ. ಇನ್ನೊಂದು ನಿಯಮ ಎಣ್ಣೆಯದು. ಮಿರ್ಚಿ ತಿಂದ ಕೈಯಲ್ಲಿ ರೆಗ್ಯುಲೇಟರ್ ಮುಟ್ಟಿದರೆ ಸೋಪು ಹಚ್ಚಿ ತೊಳೆದು ಬರುವವರೆಗೆ ಆಟವಿಲ್ಲ. ಅದೇಕೆ ಎಂದು ನಾನು ಕೇಳಿದ್ದೆ.

"ಟ್ರ್ಯಾಕ್ಟರಿನ ಇಂಜಿನ್ನಿಗೆ ಪ್ಲಗ್ ಐತೇನು? ಇಲ್ಲ. ಗಾಳಿ ಒತ್ತಿದ್ರ ಸಾಕು, ಆ ಕಾವಿಗೇ ಡೀಜಲ್ ಹತ್ತಿಕೊಂತೈತಿ. ಇಲ್ಲೂ ಅಷ್ಟೇ. ಈ ಮೂತ್ಯಾಗ ಒಂದು ಹನಿ ಎಣ್ಣಿ ಇತ್ತಪಾ ಅಂದ್ರ, ಗಾಳಿ ನುಗ್ಗಿದ ಕೂಡ್ಲೇ ಇದೂ ಇಂಜಿನ್ನೇ. ಆಗ ಆ ತೆಳು ಬಿಲ್ಲಿಗೂ ಒಡ್ಯಾಕ ಪುರುಸೊತ್ತು ಸಿಗಂಗಿಲ್ಲ" ಎಂದಿದ್ದರು. ನಾನು ಭೌತಶಾಸ್ತ್ರ ಓದಿದವಳು. ಮಾತು ಸರಿಯಾಗಿಯೇ ಇದೆ ಎನ್ನಿಸಿತ್ತು.

ಆ ವರ್ಷದ ದಸರೆ ರಜೆಗೆ ಹರಪನಹಳ್ಳಿಯಿಂದ ಕಾಲೇಜು ಹುಡುಗಿಯರ ಗುಂಪೊಂದು ಬರುವುದಿತ್ತು. ಹೆಣ್ಣುಮಕ್ಕಳೇ ಸೇರಿ ಬರುತ್ತಿದ್ದುದು ಅದೇ ಮೊದಲು. ಮೇಷ್ಟ್ರ ಸಂಭ್ರಮಕ್ಕೆ ಮಿತಿಯೇ ಇರಲಿಲ್ಲ. ಆಯುಧ ಪೂಜೆಯ ದಿನ ರೆಗ್ಯುಲೇಟರ್ ಕೂರಿಸಿದ್ದ ಬಾಟಲಿಗಳನ್ನೆಲ್ಲ ಮನೆಗೆ ತಂದು ಪಡಸಾಲೆಯಲ್ಲಿಟ್ಟು, ಬಂಡೆಗಳಿಗೆ ಸುಣ್ಣದ ಗುರುತು ಹಾಕಲು ಮೈದಾನಕ್ಕೆ ಹೋದರು. ನಾನೂ ಅವರ ಜೊತೆ ಹೋದೆ. ಸಂಜೆ ತಿರುಗಿ ಬಂದಾಗ ಹೊಲಿಗೆ ಮಿಷನ್ನು, ಕತ್ತರಿ, ಈಳಿಗೆಮಣೆಯ ಸಾಲಿನಲ್ಲಿ ಬಾಟಲಿಗಳೂ ಕುಂಕುಮ, ಚೆಂಡುಹೂವು ಇಟ್ಟುಕೊಂಡು ಕುಳಿತಿದ್ದವು. "ನಿಮ್ಮ ಸವತಿಯರಿಗೂ ಪೂಜಿ ಮಾಡೀನಿ ನೋಡ್ರಿ" ಎಂದರು ದೊಡ್ಡವ್ವ. "ನನ್ನ ಸವತಿಯರಲ್ಲ ಮಾರಾಯ್ತಿ, ನಿನ್ನ ಸವತಿಯರು" ಎಂದು ಮೇಷ್ಟ್ರು ನಕ್ಕರು. ಕುಂಕುಮವನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿ ಚೀಲಕ್ಕೆ ಹಾಕಿಕೊಂಡೆವು.

ಮರುದಿನ ಬೆಳಿಗ್ಗೆ ಹುಡುಗಿಯರು ಕ್ರೂಸರ್ ಗಾಡಿಯಲ್ಲಿ ಬಂದಿಳಿದರು. ದೊಡ್ಡವ್ವ ಅವರಿಗಾಗಿ ಮಂಡಕ್ಕಿ ಒಗ್ಗರಣೆ ಕಟ್ಟಿಕೊಂಡು ಬಂದಿದ್ದರು. ಮೇಷ್ಟ್ರು ಗಾಳಿ ತುಂಬಲು ಗೋಡೆಯ ಆಚೆ ಹೋದರು. ನಾನು ಗೋಡೆಯ ಸಂದಿನ ಹತ್ತಿರ ಇನ್ನೊಂದು ಬಾಟಲಿ ಹಿಡಿದು ನಿಂತಿದ್ದೆ. ಕನ್ನಡಕದ ಹುಡುಗಿಯೊಬ್ಬಳು ನನ್ನ ಪಕ್ಕಕ್ಕೆ ಬಂದು ಬಗ್ಗಿ ನೋಡುತ್ತಿದ್ದಳು. "ಮುಸುಕು ಹಾಕ್ಕೊಂಡು ಬಾ, ಹೋಗು" ಎಂದು ಕಳಿಸಿದೆ. ಅವಳು ತಿರುಗಿದಳು.

ಆಗ ಆಯಿತು.

ಪಟಾಕಿಯಂಥ ಸದ್ದಲ್ಲ. ಬಂಡೆ ಸಿಡಿಸುವಾಗ ನೆಲದೊಳಗಿಂದ ಬರುತ್ತದಲ್ಲ, ಹಾಗೆ ಎದೆಗೇ ಗುದ್ದಿತು. ನನ್ನ ಕಿವಿಯ ಪಕ್ಕದಲ್ಲಿ ಏನೋ ಸುಯ್ಯೆಂದು ಹಾದು ಹಿಂದಿನ ಬಂಡೆಗೆ ಬಡಿಯಿತು. ಒತ್ತಡ ತೋರಿಸುವ ಆ ಮುಳ್ಳಿನ ಮೀಟರು. ಆ ಹುಡುಗಿ ನಿಂತಿದ್ದಳಲ್ಲ, ಅವಳ ಮುಖವಿದ್ದ ಎತ್ತರದಲ್ಲೇ ಅದು ಹಾದದ್ದು. ನಾನು ಕಳಿಸದೇ ಇದ್ದಿದ್ದರೆ? ನಾನೇ ಒಂದು ಹೆಜ್ಜೆ ಮುಂದೆ ಇಟ್ಟಿದ್ದರೆ? ಇಷ್ಟು ವರ್ಷವಾದರೂ ಈ ಲೆಕ್ಕ ನನಗೆ ಮುಗಿದಿಲ್ಲ. ಬಸ್ಸಿನ ಟೈರಿಗೆ ಗಾಳಿ ಬಿಡುತ್ತಿದ್ದರೆ ಇವತ್ತಿಗೂ ರಸ್ತೆಯ ಆಚೆ ಬದಿಗೆ ಹೋಗಿ ನಡೆಯುತ್ತೇನೆ.

ಒಳಗೆ ಮೇಷ್ಟ್ರು ನೆಲದ ಮೇಲೆ ಕುಳಿತಿದ್ದರು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು. ಸುಟ್ಟ ಎಣ್ಣೆಯ ಕಮಟು ವಾಸನೆ. "ಹುಡುಗ್ಯಾರು ಹೆಂಗದಾರ?" ಎಂದು ಕೇಳಿದರು. ಯಾರಿಗೂ ಏನೂ ಆಗಿಲ್ಲ ಎಂದು ನಾನು ಕೂಗಿದ್ದು ಅವರಿಗೆ ಕೇಳಿಸಲಿಲ್ಲ. ಬಲಗಿವಿ ಅಂದೇ ಹೋಗಿತ್ತು. ಎಡಗಿವಿಯ ಹತ್ತಿರ ಬಾಯಿಟ್ಟು ಮತ್ತೆ ಹೇಳಿದೆ. ಆಮೇಲೆಯೇ ಅವರು ಕೈಯ ಕಡೆ ನೋಡಿಕೊಂಡದ್ದು.

ಅದೇ ಕ್ರೂಸರಿನಲ್ಲಿ ಕೂಡ್ಲಿಗಿಯ ಆಸ್ಪತ್ರೆಗೆ ಹೊರಟೆವು. ರಸ್ತೆಯ ಅಂಚಿಗೆಲ್ಲ ಮೆಕ್ಕೆಜೋಳ ಒಣಹಾಕಿದ್ದರು, ಗಾಡಿ ಜೋರಾಗಿ ಹೋಗುವಂತಿರಲಿಲ್ಲ. ದೊಡ್ಡವ್ವ ತಮ್ಮ ಸೆರಗಿನಲ್ಲೇ ಅವರ ಕೈ ಸುತ್ತಿ ಹಿಡಿದು ಅಳುತ್ತಿದ್ದರು. "ನಿನ್ನಿ ಎಷ್ಟು ಚೆಂದಾಗಿ ಪೂಜಿ ಮಾಡಿದ್ನವ್ವಾ... ನನ್ನ ಮಿಷನ್ನಿಗೆ ಬಿಟ್ಟಂಗs ಅವುಕ್ಕೂ ಬಾಯಾಗ ಒಂದೊಂದು ಹನಿ ಎಣ್ಣಿ ಬಿಟ್ಟು, ಒರಸಿ, ಕುಂಕುಮ ಹಚ್ಚಿ... ಆದ್ರೂ ದೇವ್ರು ಹಿಂಗ್ಯಾಕ ಮಾಡಿದ?"

ಟ್ರ್ಯಾಕ್ಟರಿನ ಇಂಜಿನ್ನಿನ ಮಾತು ನನಗೆ ನೆನಪಾಯಿತು. ಮೇಷ್ಟ್ರ ಎಡಗಿವಿ ಹೆಂಡತಿಯ ಕಡೆಗೇ ಇತ್ತು, ಅವರಿಗೂ ಕೇಳಿಸಿತ್ತು. ನರಳುವುದನ್ನು ನಿಲ್ಲಿಸಿದರು. ನಿಧಾನಕ್ಕೆ ತಿರುಗಿ ನನ್ನನ್ನು ನೋಡಿದರು. ನನಗೆ ಅರ್ಥವಾಗಿದೆ ಎಂದು ಅವರಿಗೆ ಗೊತ್ತಾಯಿತು. ತಲೆಯನ್ನು ಇಷ್ಟೇ ಇಷ್ಟು ಅಲ್ಲಾಡಿಸಿದರು. ನಾನು ಬಾಯಿ ಮುಚ್ಚಿಕೊಂಡೆ.

"ಪೂಜಿದೇನಿಲ್ಲ ಬಿಡು. ರೆಗ್ಯುಲೇಟರ್ ಆರಿಸಾದ್ರಾಗ ನಾ ತಪ್ಪಿದೆ" ಎಂದರು.

ಎರಡು ಬೆರಳು ಹೋದವು. ಡಾಕ್ಟರಿಗೂ, ನೋಡಲು ಬಂದ ನೆಂಟರಿಗೂ, ವಿಚಾರಿಸಲು ಬಂದ ಪೊಲೀಸರಿಗೂ ಅದೇ ಮಾತು: ಆರಿಸುವುದರಲ್ಲಿ ತಪ್ಪಿದೆ. ಮಾರಿದವನ ಮೇಲೆ ಕೇಸು ಹಾಕಿ ಎಂದವರಿಗೆ, ಅವನು ಬೇರೆಯದನ್ನೇ ಕೊಡುತ್ತೇನೆ ಎಂದಿದ್ದ, ಬೇಡವೆಂದವನು ನಾನು ಎನ್ನುತ್ತಿದ್ದರು. ಮೈದಾನ ಮುಚ್ಚಿತು. ಮಿರ್ಚಿ ಅಂಗಡಿಯ ಮುಂದೆ ಹೊಸ ಮಾತೊಂದು ಹುಟ್ಟಿಕೊಂಡಿತು. ಯಾರಾದರೂ ಹುಳುಕು ಬದನೆಕಾಯಿ ತಂದರೂ, ಮಗಳಿಗೆ ಕುಡುಕ ಗಂಡನನ್ನು ಹುಡುಕಿದರೂ, "ಮೇಷ್ಟ್ರ ರೆಗ್ಯುಲೇಟರ್ ಆತು ಬಿಡು" ಎನ್ನುವುದು. ಅವರ ಎದುರಿಗೇ ಅನ್ನುತ್ತಿದ್ದರು. ಅವರೂ ನಗುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ಒಂದು ಸಂಜೆ ಕಟ್ಟೆಯ ಮೇಲೆ ಅವರೊಬ್ಬರೇ ಇದ್ದಾಗ ಎಡಗಡೆಗೆ ಹೋಗಿ ಕುಳಿತೆ.

"ದೊಡ್ಡವ್ವಗ ಹೇಳಿಬಿಡ್ರಿ ಸರ್. ಬೇಕಂತ ಮಾಡಿದ್ದೇನಲ್ಲಲ್ಲ."

ಉಳಿದ ಬೆರಳುಗಳಿಂದ ಕಟ್ಟೆಯ ಮೇಲಿನ ಒಣ ಎಲೆಯೊಂದನ್ನು ಕೆಳಗೆ ತಳ್ಳಿದರು. "ಊರ ಮಂದಿಗೆಲ್ಲಾ ಹೇಳಿದೆ. ಮಿರ್ಚಿ ತಿಂದವ್ರಿಗೂ ಹೇಳಿದೆ. ಮನ್ಯಾಗ ಹೇಳಲಿಲ್ಲ ನೋಡು. ಅದು ಯಾರ ತಪ್ಪು?"

"ಮಂದಿ ನಗ್ತಾರ್ರಿ."

"ನಗಲಿ. ನಕ್ಕರ ಇನ್ನೊಂದು ಬೆರಳು ಹೋಗತೈತೇನು?" ಎಂದು, ಮತ್ತೆ ದನಿ ತಗ್ಗಿಸಿದರು. "ದಿನಾ ಎರಡೂ ಹೊತ್ತು ನನ್ನ ಮುಂದ ಉಣ್ಣಾಕ ಗಂಗಾಳ ಇಡಾಕಿ ಆಕಿ. ಈ ಕೈ ನೋಡೇ ಇಡಬೇಕು. ಹೇಳಿದ್ರ ಆಕಿ ಹೆಂಗ ಇಡ್ತಾಳವ್ವಾ?"

ನಾನು ಎದ್ದು ಮನೆಗೆ ಬಂದೆ.

ನನಗೆ ನೌಕರಿಯಾಯಿತು, ಮದುವೆಯಾಗಿ ಹಗರಿಬೊಮ್ಮನಹಳ್ಳಿಗೆ ಬಂದೆ. ಮೇಷ್ಟ್ರು ಜ್ವರದಲ್ಲಿ ನಾಲ್ಕು ದಿನ ಮಲಗಿ ತೀರಿಹೋದರು. ಮಾತಾಡಿಸಲು ಹೋದಾಗ ದೊಡ್ಡವ್ವ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು.

"ಒಂದು ಕೇಳ್ತೀನಿ, ಖರೇ ಹೇಳು. ನೀ ಓದಿದಾಕಿ, ಅವತ್ತು ಅಲ್ಲೇ ಇದ್ದಿ. ನನ್ನ ಪೂಜ್ಯಾಗ ಏನರ ಹೆಚ್ಚುಕಮ್ಮಿ ಆಗಿತ್ತೇನು? ಇವ್ರನ್ನ ಕೇಳಿದ್ರ ಬಾಯೇ ಬಿಡಲಿಲ್ಲ."

ಒಲೆಯ ಮೇಲೆ ಹಾಲು ಕಾಯುತ್ತಿತ್ತು. ಅದನ್ನೇ ನೋಡುತ್ತ ಹೇಳಿದೆ: "ಇಲ್ಲ ದೊಡ್ಡವ್ವಾ. ಸರ್ ಆರಿಸಿದ್ದು ಸರಿ ಇರಲಿಲ್ಲ."

ಅವರ ಭುಜ ಇಳಿಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು, ಅಳುತ್ತಲೇ ಸಣ್ಣಗೆ ನಕ್ಕರು. "ಬ್ಯಾಸಗಿ ತುಂಬಾ ಕುಂತು ಆರಿಸಿದ್ರಲ್ಲವ್ವಾ ಪುಣ್ಯಾತ್ಮ... ಅಷ್ಟೂ ತಿಳೀಲಿಲ್ಲ ನೋಡು ಅವ್ರಿಗೆ."

"ಹೌದ್ರಿ" ಎಂದೆ. ಮೇಷ್ಟ್ರ ಮನೆಯಲ್ಲೇ ನಿಂತು, ಮೇಷ್ಟ್ರ ಬಗ್ಗೆ.

ಹೋದ ತಿಂಗಳು ದೊಡ್ಡವ್ವನೂ ತೀರಿಕೊಂಡರು. ಮುಚ್ಚಿಡಬೇಕಾದವರು ಈಗ ಯಾರೂ ಉಳಿದಿಲ್ಲ. ಕೇಳಿ ಸಮಾಧಾನ ಪಡುವವರೂ ಉಳಿದಿಲ್ಲ... ಆದರೂ ಎಲ್ಲಾದರೂ ಒಂದು ಕಡೆ ಇರಲಿ ಎಂದು ಬರೆಯುತ್ತಿದ್ದೇನೆ. ಮೇಷ್ಟ್ರು ಆರಿಸಿದ್ದು ಸರಿಯಾಗಿತ್ತು.