ಹೋಸ್ ಕ್ಲಿಪ್ಪಿನ ಇಕ್ಕಳ

"ಮನೇಲಿ ಗಂಡಸ್ರು ಯಾರೂ ಇಲ್ವಾ ಮೇಡಂ? ಅವ್ರನ್ನ ಕಳ್ಸಿ, ಏನು ಬೇಕು ಅಂತ ಅವ್ರಿಗೆ ಗೊತ್ತಿರ್ತದೆ" ಎಂದ ನಾಗಮಂಗಲದ ಹಾರ್ಡ್‌ವೇರ್ ಅಂಗಡಿಯವನು. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮೂರ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ ನನ್ನದು. ನೀರು ಬೆರೆಸಿಕೊಂಡು ಬಂದವರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿ ರೂಢಿಯಾದವಳು. "ಗಂಡಸ್ರಿಗೂ ಗೊತ್ತಿಲ್ಲ ಅಂತಲೇ ನಾನು ಬಂದಿರೋದು" ಎಂದೆ.

ಮತ್ತೊಮ್ಮೆ ವಿವರಿಸಿದೆ. ಕಾರಿನ ರೇಡಿಯೇಟರಿಗೂ ಎಂಜಿನ್ನಿಗೂ ನಡುವೆ ಒಂದು ರಬ್ಬರ್ ಹೋಸು. ಅದರ ಬಾಯಿಗೆ ಸ್ಪ್ರಿಂಗಿನ ಕ್ಲಿಪ್ಪು. ಕ್ಲಿಪ್ಪಿಗೆ ಎರಡು ಕಿವಿ. ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಮಾತ್ರ ಅದು ಸಡಿಲವಾಗುತ್ತದೆ. ಆ ಕಿವಿಗಳೋ ಫ್ಯಾನಿನ ಸಂದಿಯಲ್ಲಿ ಕೆಳಮುಖವಾಗಿ ಕೂತಿವೆ. ಮಾಮೂಲಿ ಕಟಿಂಗ್ ಪ್ಲೇಯರು ಅಲ್ಲಿಗೆ ಓರೆಯಾಗಿಯೇ ಹೋಗಬೇಕು, ಓರೆಯಾದರೆ ಜಾರುತ್ತದೆ. ಅವನು ಎಲ್ಲವನ್ನೂ ಕೇಳಿಸಿಕೊಂಡು ಇನ್ನೊಂದು ಕಟಿಂಗ್ ಪ್ಲೇಯರನ್ನೇ ತೆಗೆದು ಮುಂದಿಟ್ಟ.

ಕಾರು ನಮ್ಮಣ್ಣನದು. ಪಾಂಡವಪುರ ದಾಟಿ ನಾಗಮಂಗಲದ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮೂರು. ಸುತ್ತಮುತ್ತಲ ಹಳ್ಳಿಗಳ ಪಂಪ್‌ಸೆಟ್ಟುಗಳೆಲ್ಲ ಮೂವತ್ತು ವರ್ಷ ಅವನ ಕೈಯಲ್ಲೇ ರಿಪೇರಿಯಾದವು. ನಾನು ಗಂಡನ ಮನೆಯಿಂದ ಒಂದು ಬ್ಯಾಗು ಹಿಡಿದುಕೊಂಡು ವಾಪಸು ಬಂದ ದಿನ, ಏನು ಎತ್ತ ಎಂದು ಒಂದು ಮಾತೂ ಕೇಳದೆ, ತನ್ನ ಮೋಟಾರು ಸಾಮಾನೆಲ್ಲ ಜಗಲಿಗೆ ಹೊತ್ತು ಹಾಕಿ ಕೋಣೆ ಖಾಲಿ ಮಾಡಿಕೊಟ್ಟವನು. ಅತ್ತಿಗೆ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಆಮೇಲೆ ಅವನ ಕಿಡ್ನಿ ಕೆಟ್ಟಿತು. ವಾರಕ್ಕೆ ಮೂರು ದಿನ ಮೈಸೂರಿಗೆ ಡಯಾಲಿಸಿಸ್ಸು. ನಾನು ಡ್ರೈವಿಂಗ್ ಕಲಿತದ್ದೇ ಅದಕ್ಕೆ.

ಅವನ ಎಡಗೈಯಲ್ಲಿ ಎರಡು ರಕ್ತನಾಳ ಸೇರಿಸಿ ಹೊಲಿದಿದ್ದರು. ಡಯಾಲಿಸಿಸ್ಸಿನ ಸೂಜಿ ಚುಚ್ಚುವುದು ಅಲ್ಲಿಗೇ. ಕಿವಿಯಿಟ್ಟರೆ ಒಳಗೆ ಗುಂಯ್ ಎಂದು ಸದ್ದು. ಸದ್ದು ಇದ್ದರೆ ದಾರಿ ತೆರೆದಿದೆ ಎಂದರ್ಥ, ದಿನಾ ನೋಡಿಕೊಳ್ಳಿ ಎಂದಿದ್ದರು ಆಸ್ಪತ್ರೆಯವರು. ಆ ಕೈಯಲ್ಲಿ ಭಾರ ಎತ್ತಬಾರದು, ಬಿಗಿ ಬಟ್ಟೆ ಹಾಕಬಾರದು, ಅದನ್ನು ಅದುಮಿಕೊಂಡು ಮಲಗಬಾರದು. ದಿನಾ ಬೆಳಿಗ್ಗೆ ಡೈರಿಗೆ ಹೊರಡುವ ಮುಂಚೆ ನಾನು ಬಗ್ಗಿ ಅವನ ತೋಳಿಗೆ ಕಿವಿಯಿಡುತ್ತಿದ್ದೆ. ಅವನು ನಕ್ಕು, "ಮೋಟರು ಓಡ್ತಾ ಐತೆ ಕಣಮ್ಮಿ, ನೀನು ಓಗು" ಎನ್ನುತ್ತಿದ್ದ.

ಹೋಸಿನ ಬಾಯಿ ಸೀಳಿ ನೀರು ತೊಟ್ಟಿಕ್ಕಲು ಶುರುವಾದಾಗ ಅಣ್ಣ ಅದನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಕ್ಲಿಪ್ಪು ಬಿಚ್ಚು, ಸೀಳಿದಷ್ಟು ಕತ್ತರಿಸು, ಮತ್ತೆ ತೂರಿಸು, ಅಷ್ಟೇ ಕೆಲಸ ಅಂದ. ಆ ಕ್ಲಿಪ್ಪು ಬಿಚ್ಚಲು ಹೋಗಿ ನನ್ನ ಎರಡು ಉಗುರು ಕಿತ್ತವು. ಪಾಂಡವಪುರದ ಮೆಕ್ಯಾನಿಕ್ಕು ಬಗ್ಗಿ ನೋಡಿ, "ಫ್ಯಾನೆಲ್ಲ ಇಳಿಸ್ಬೇಕು ಕಣಕ್ಕ, ಎಲ್ಡು ದಿನ ಬುಟ್ಟೋಗಿ" ಎಂದ. ಅಣ್ಣನಿಗೆ ರೋಷ ಬಂತು. "ಒಂದು ಕ್ಲಿಪ್ಪು ಬಿಚ್ಚಕ್ಕೆ ಎಲ್ಡು ದಿನವೇನ್ಲಾ? ನಡಿಯಮ್ಮಿ ಮನೆಗೆ" ಎಂದು ಕಾರು ಹತ್ತಿ ಕೂತುಬಿಟ್ಟ. ಮೆಕ್ಯಾನಿಕ್ಕು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: "ಇದಕ್ಕೇ ಅಂತ ಒಂದು ಇಕ್ಕಳ ಬತ್ತದೆ ಕಣಕ್ಕ. ಸೈಕಲ್ ಬ್ರೇಕಿನ ತಂತಿ ಇದ್ದಂಗೆ ಉದ್ದಕ್ಕೆ ಕೇಬಲ್ಲು. ಕಚ್ಚೋ ಬಾಯಿ ಒಂದ್ಕಡೆ, ಒತ್ತೋ ಇಡಿ ಒಂದ್ಕಡೆ. ಎಂಥಾ ಸಂದಿಗಾದ್ರೂ ಓಯ್ತದೆ. ಎಲ್ಲೂ ಸಿಗ್ನಿಲ್ಲ ಅಂದ್ರೆ ಕೆ.ಆರ್. ಪೇಟೇಲಿ ಟ್ರಾಕ್ಟರ್ ಸಾಮಾನು ಅಂಗಡೀಲಿ ಕೇಳಿ, ಅಲ್ಲಿ ಮಡಗವ್ರೆ."

ಪಾಂಡವಪುರದ ಅಂಗಡಿಗಳಲ್ಲಿ ಕೇಳಿದೆ, ನಾಗಮಂಗಲದಲ್ಲಿ ಕೇಳಿದೆ. ಶ್ರೀರಂಗಪಟ್ಟಣದಲ್ಲಿ ಒಬ್ಬ ಪುಣ್ಯಾತ್ಮ ಗ್ಯಾಸ್ ಪೈಪಿನ ಸ್ಪ್ಯಾನರು ಕೊಟ್ಟು, "ಇದೇ ಅದು" ಎಂದು ಆಣೆ ಮಾಡಿದ. ಕೆ.ಆರ್. ಪೇಟೆ ಒಂದು ಉಳಿದಿತ್ತು. ಅಷ್ಟರಲ್ಲಿ ಅಣ್ಣನೇ ಉಪಾಯ ಹೇಳಿದ.

ಪಂಪಿನ ಪೈಪು ಸೋರಿದರೆ ನಮ್ಮ ಕಡೆ ಯಾರೂ ಹೊಸ ಪೈಪು ತರುವುದಿಲ್ಲ. ಹಳೇ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಎಳೆದೆಳೆದು ಸುತ್ತಿ, ಮೇಲೆ ಕಟ್ಟುತಂತಿ ಬಿಗಿಯುತ್ತಾರೆ. ವರ್ಷಗಟ್ಟಲೆ ಒಂದು ಹನಿ ಆಚೆಗೆ ಬರುವುದಿಲ್ಲ. ಅಣ್ಣ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ಹೇಳಿಕೊಟ್ಟ, ನಾನು ಸುತ್ತಿದೆ. ಸೋರುವುದು ನಿಂತಿತು! ನಾನು ಬಂದು ಹೋದವರಿಗೆಲ್ಲ ಬಾನೆಟ್ ಎತ್ತಿ ತೋರಿಸಿದ್ದೇ ತೋರಿಸಿದ್ದು. ಪಂಪಿನಲ್ಲಿ ಓಡುವುದು ತಣ್ಣೀರು, ಕಾರಿನಲ್ಲಿ ಓಡುವುದು ಕುದಿಯುವ ನೀರು. ಇಷ್ಟು ಸಣ್ಣ ಮಾತು ಮೂವತ್ತು ವರ್ಷ ಪಂಪು ಬಿಚ್ಚಿದವನಿಗೂ ಹೊಳೆಯಲಿಲ್ಲ, ಅದನ್ನು ನೋಡುತ್ತಲೇ ಬೆಳೆದ ನನಗೂ ಹೊಳೆಯಲಿಲ್ಲ. ಕೆ.ಆರ್. ಪೇಟೆಗೆ ನಾಳೆ ಹೋದರಾಯಿತು, ನಾಡಿದ್ದು ಹೋದರಾಯಿತು ಎಂದು ಮುಂದೆ ಹಾಕಿದೆ. ಹೀಗೆ ಎರಡು ವಾರ ಕಳೆಯಿತು.

ಒಂದು ಬುಧವಾರ ಬೆಳಿಗ್ಗೆ ಶ್ರೀರಂಗಪಟ್ಟಣ ದಾಟಿ ಮೈಸೂರಿನ ಕಡೆಗೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಾನೆಟ್ಟಿನಿಂದ ಬುಸ್ ಎಂದು ಹಬೆ ಎದ್ದಿತು. ಗಾಡಿ ಪಕ್ಕಕ್ಕೆ ತಂದು ನಿಲ್ಲಿಸಿದೆ. ಬಿಸಿಗೆ ಟ್ಯೂಬು ಮೆತ್ತಗಾಗಿ ಕಳಚಿಬಿದ್ದಿತ್ತು. ಎಂಜಿನ್ನು ಆರುವವರೆಗೆ ಕಾದು, ಪ್ಲೇಯರು ತೂರಿಸಿದೆ, ಜಾರಿತು. ಮತ್ತೆ ಹಿಡಿದೆ, ಮತ್ತೆ ಜಾರಿತು. ಲಾರಿಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ಆಟೋ ಹತ್ತಿ ಹೋಗೋಣ ಬಾ ಅಂದರೆ ಅಣ್ಣ ಕೇಳಲಿಲ್ಲ. ಅವನ ಕಾರು, ನನ್ನ ಕೈಗೆ ಬಗ್ಗದ ಕ್ಲಿಪ್ಪು. ಇಳಿದು ಬಂದ.

"ಸರ್ಕೋ ಅತ್ಲಾಗೆ."

ಬಲಗಡೆಯಿಂದ ಬ್ಯಾಟರಿ ಅಡ್ಡ. ಎಡಗೈ ಮಾತ್ರ ಹೋಗುತ್ತಿತ್ತು. "ಆ ಕೈ ಬೇಡ ಕಣಣ್ಣ" ಅಂದೆ. ಅವನು ಆಗಲೇ ಮೊಣಕೈವರೆಗೂ ಇಳಿಸಿದ್ದ. ತೋಳು ರೇಡಿಯೇಟರಿನ ಮೇಲಿನ ಕಬ್ಬಿಣದ ಪಟ್ಟಿಗೆ ಒತ್ತಿಕೊಂಡಿತ್ತು. ನಾನು ಒಂದು ಸಲ ಬೇಡ ಅಂದೆ, ಎರಡನೇ ಸಲ ಅನ್ನಲಿಲ್ಲ. ಹೊತ್ತಾಗುತ್ತಿತ್ತು, ನನ್ನ ಕೈ ಸೋತಿತ್ತು, ಹೇಗೋ ಬಿಚ್ಚಿದರೆ ಸಾಕು ಎಂದು ನನಗೂ ಅನಿಸಿತ್ತು. ಇದನ್ನು ಯಾರ ಮುಂದೆಯೂ ಹೇಳಿಕೊಂಡಿಲ್ಲ. ಹತ್ತು ನಿಮಿಷವೋ ಹದಿನೈದು ನಿಮಿಷವೋ ಹಲ್ಲು ಕಚ್ಚಿಕೊಂಡು ತಡಕಾಡಿ, ಕ್ಲಿಪ್ಪಿನ ಎರಡೂ ಕಿವಿ ಪ್ಲೇಯರಿಗೆ ಸಿಕ್ಕಿದಾಗ "ಬಂತು ಕಣಮ್ಮಿ!" ಎಂದು ಕೂಗಿದ. ಅವನ ಮುಖದಲ್ಲಿ ಅಂಥ ಗೆಲುವನ್ನು ನಾನು ಕಂಡು ಎಷ್ಟೋ ಕಾಲವಾಗಿತ್ತು. ಹೋಸು ಕತ್ತರಿಸಿ ತೂರಿಸಿದೆವು. ಎಳನೀರಿನವನ ಹತ್ತಿರ ಒಂದು ಕೊಡ ನೀರು ಇಸಿದುಕೊಂಡು ಹೊಯ್ದೆವು. ಕಾರು ಓಡಿತು.

ಆಸ್ಪತ್ರೆಯಲ್ಲಿ ನರ್ಸು ತೋಳು ಮುಟ್ಟಿ ನೋಡಿದಳು. ಸ್ಟೆತಸ್ಕೋಪು ಇಟ್ಟಳು. ಹೋಗಿ ಇನ್ನೊಬ್ಬಳನ್ನು ಕರೆತಂದಳು.

"ಬೆಳಿಗ್ಗೆ ಸದ್ದು ಇತ್ತಾ ಅಮ್ಮಾ?"

"ಇತ್ತು" ಅಂದೆ. "ನಾನೇ ಕೇಳಿಸಿಕೊಂಡೆ."

ಒಳಗೆ ರಕ್ತ ಹೆಪ್ಪುಗಟ್ಟಿತ್ತು. ಅದನ್ನು ಬಿಡಿಸಲು ನೋಡಿದರು, ಆಗಲಿಲ್ಲ. ಕುತ್ತಿಗೆಗೆ ನಳಿಕೆ ಹಾಕಿದರು. ಇನ್ನೊಂದು ಕೈಯ ನಾಳ ಸಣ್ಣದು, ಹೊಲಿಗೆ ನಿಲ್ಲುವುದು ಕಷ್ಟ, ಕುತ್ತಿಗೆಯದು ಬಹಳ ದಿನ ಇಡುವ ಹಾಗಿಲ್ಲ ಎಂದರು. ಮುಂದೇನು ಸಾರ್ ಎಂದರೆ ಡಾಕ್ಟರು, "ನೋಡೋಣ" ಎಂದರು. ಹಾಲಿನ ರೇಟು ಯಾವಾಗ ಏರ್ತದೆ ಎಂದು ಕೇಳುವವರಿಗೆ ಡೈರಿಯಲ್ಲಿ ನಾನೂ ಹಾಗೇ ಹೇಳುತ್ತೇನೆ. ಆ ಮಾತಿನ ಅರ್ಥ ನನಗೆ ಗೊತ್ತು.

ಅವನನ್ನು ಮನೆಗೆ ಕರೆತಂದ ಮೇಲೆ, ಭಾನುವಾರ ಕೆ.ಆರ್. ಪೇಟೆಗೆ ಹೋದೆ. ಯಾಕೆ ಹೋದೆನೋ, ನನಗೇ ತಿಳಿಯದು. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಒಬ್ಬರನ್ನು ಕೇಳಿದೆ, ಅಂಗಡಿ ತೋರಿಸಿದರು. ಅಂಗಡಿಯವನು ನಾನು ಕೇಳುತ್ತಲೇ ಗೋಡೆಯ ಮೊಳೆಯಿಂದ ಆ ಇಕ್ಕಳವನ್ನು ಇಳಿಸಿ ಕೈಗೆ ಕೊಟ್ಟ. ಮೇಲೆ ಧೂಳು ಕೂತಿತ್ತು.

ಮನೆಗೆ ಬಂದು ಕಾರಿನ ಕ್ಲಿಪ್ಪಿಗೆ ಹಾಕಿ ನೋಡಿದೆ. ಒಂದೇ ಒತ್ತಿಗೆ ಬಾಯಿ ಬಿಟ್ಟಿತು. ಬಾನೆಟ್ ಮುಚ್ಚಿ, ಅದಕ್ಕೆ ಹಣೆಯಿಟ್ಟು ಅತ್ತೆ.

ಅಣ್ಣ ಜಗಲಿಯಿಂದಲೇ "ಕೊಡಿಲ್ಲಿ" ಎಂದ. ಕುತ್ತಿಗೆಯ ಬ್ಯಾಂಡೇಜು ಎಳೆಯದ ಹಾಗೆ ಮೆಲ್ಲಗೆ ಬಗ್ಗಿ, ಬಲಗೈಯಲ್ಲಿ ಹಿಡಿ ಒತ್ತಿದ. ಕೇಬಲ್ಲಿನ ಆಚೆ ತುದಿಯಲ್ಲಿ ಬಾಯಿ ಟಕ್ ಎಂದು ಕಚ್ಚಿಕೊಂಡಿತು.

"ಎಲ್ಲಿ ಸಿಕ್ತು?"

"ಕೆ.ಆರ್. ಪೇಟೇಲಿ."

"ಬಾಳ ಸುತ್ತಿದ್ಯಾ?"

ಸುಳ್ಳು ಹೇಳಬಹುದಿತ್ತು. "ಇಲ್ಲ ಕಣಣ್ಣ. ಬಸ್ಸಿಳಿದು ಕಾಲು ಗಂಟೇನೂ ಆಗ್ಲಿಲ್ಲ" ಅಂದೆ.

ಅವನು ಇನ್ನೊಂದು ಸಲ ಒತ್ತಿ ನೋಡಿದ. "ಒಳ್ಳೆ ಸಾಮಾನು ಕಣಮ್ಮಿ. ಒಂದೀಟು ಎಣ್ಣೆ ಆಕಿಡು, ತುಕ್ಕು ಇಡಿಯದಂಗೆ" ಎಂದು ನನ್ನ ಕೈಗೆ ಕೊಟ್ಟ.

ಮಾರನೇ ಬೆಳಿಗ್ಗೆ ಡೈರಿಗೆ ಹೊರಟವಳು ಅಭ್ಯಾಸಬಲದಿಂದ ಬಗ್ಗಿ ಅವನ ಎಡತೋಳಿಗೆ ಕಿವಿಯಿಟ್ಟುಬಿಟ್ಟೆ. ಇಟ್ಟ ಮೇಲೆ ನೆನಪಾಯಿತು, ತೆಗೆಯಲು ಧೈರ್ಯ ಬರಲಿಲ್ಲ. ಅಣ್ಣನೂ ಕೈ ಎಳೆದುಕೊಳ್ಳಲಿಲ್ಲ. "ನಿಂತೋಗೈತೆ ಕಣಮ್ಮಿ. ಡೈರಿಗೆ ಒತ್ತಾಯ್ತು, ಓಗು" ಎಂದ.