ಪ್ಯಾಟ್ರಿಷಿಯಾ ಟೀಚರ ಬಸ್ಸು

ಮಸ್ಕತ್ತಿನ ರೂವಿ ಬಡಾವಣೆಯ ಆ ಕಟ್ಟಡದಲ್ಲಿ ಪ್ಯಾಟ್ರಿಷಿಯಾ ಟೀಚರ ಸ್ವರ ಕೇಳದ ಮನೆ ಇರಲಿಲ್ಲ. ಮಂಗಳೂರಿನಿಂದ ಬಂದು ಅಲ್ಲಿನ ಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಿದ್ದ ಅವರಿಗೆ, ಲೋಕಕ್ಕೆಲ್ಲ ಬುದ್ಧಿ ಹೇಳುವ ಗುತ್ತಿಗೆ ತಮಗೇ ಸಿಕ್ಕಿದೆ ಎಂಬ ಠೇಂಕಾರ. ಎಂಬತ್ತೇಳನೇ ಇಸವಿಯ ಶಾಲಾ ವಾರ್ಷಿಕೋತ್ಸವಕ್ಕೆ ಅಮೆರಿಕದ ಕರಿಯರ ಹಕ್ಕಿನ ಹೋರಾಟವನ್ನೇ ನಾಟಕ ಮಾಡಿಸಲು ಹೊರಟರು. ಬಿಳಿಯನಿಗೆ ಸೀಟು ಬಿಡು ಎಂದರೂ ಏಳದೆ ಬಸ್ಸಿನಲ್ಲಿ ಕೂತ ಕಪ್ಪು ಹೆಂಗಸಿನ ಕಥೆ.

ಕೆಳಗಿನ ಮಹಡಿಯ ಆಲ್ಬಿನಾಳ ಮಗಳು ಜೇನ್, ತರಗತಿಯಲ್ಲಿ ಆ ಕಥೆ ಕೇಳಿದ ಮೇಲೆ ಊಟದ ಕುರ್ಚಿಯಲ್ಲೂ "ನಾನು ಏಳುವುದಿಲ್ಲ" ಎಂದು ಅಭ್ಯಾಸ ಮಾಡುತ್ತಿದ್ದಳು. ಆ ಪಾತ್ರ ತನಗೇ ಬೇಕೆಂದು ಒಂದೇ ಹಟ. ಟೀಚರ್ ಅದನ್ನು ಕೊಟ್ಟದ್ದು ತಮ್ಮ ಮಗಳು ಏಂಜೆಲಾಳಿಗೆ. ಜೇನ್‌ಗೆ ಬಸ್ಸಿನೊಳಗೆ ಹಿಂದೆ ನಿಲ್ಲುವ ಕೆಲಸ.

"ಎಂತ ಟೀಚರ್, ಕಪ್ಪು ಹೆಂಗಸಿನ ಪಾತ್ರಕ್ಕೆ ಬೆಣ್ಣೆಯಂಥ ಹುಡುಗಿಯಾ?" ಆಲ್ಬಿನಾ ಮೆಟ್ಟಿಲಲ್ಲೇ ತಡೆದು ಕೇಳಿದಳು.

"ನಾಯಕಿ ಅಲ್ವಾ ಮಾರಾಯ್ತಿ, ಮುಖ ಕಾಣ್ಬೇಡ್ವಾ? ನಿನ್ನ ಜೇನ್ ಎದುರು ಬಂದ್ರೆ ಫೋಟೋದಲ್ಲಿ ಹಲ್ಲು ಮಾತ್ರ ಬರ್ತದೆ. ನಮ್ಮ ಏಂಜೆಲಾಗೆ ಕರಿ ಬಳಿದ್ರೆ ಆಯ್ತು. ಸ್ವಲ್ಪ ಗೆರಟೆ ಸುಟ್ಟು ಮಸಿ ಮಾಡಿ ಕೊಡು, ಆಯ್ತಾ?"

ಮಗಳನ್ನು ಹಿಂದಕ್ಕೆ ತಳ್ಳಿ, ತಾಯಿಯ ಕೈಯಲ್ಲೇ ಮಸಿ ಮಾಡಿಸುವ ಧೈರ್ಯ ನೋಡಿ! ಆಲ್ಬಿನಾ ಹಲ್ಲು ಕಚ್ಚಿ ತೆಂಗಿನ ಗೆರಟೆ ಸುಟ್ಟು ಅರೆದು ಕೊಟ್ಟಳು. ಇಲ್ಲವೆಂದರೆ ಜೇನ್‌ಗೆ ನಿಲ್ಲುವ ಜಾಗವೂ ಹೋದೀತು. ಟೀಚರಿಗೋ, ಮಗಳ ಬಿಳಿ ಚರ್ಮಕ್ಕೆ ಕಲೆ ಉಳಿದೀತೆಂಬ ಜೀವಭಯ. ಬೇಗ ತೊಳೆದುಹೋಗಲೆಂದು ಆ ಮಸಿಗೆ ತೆಂಗಿನೆಣ್ಣೆ ಸುರಿದದ್ದೇ ಸುರಿದದ್ದು.

ಸ್ಟೇಜಿನ ದೀಪಗಳ ಕಾವಿಗೆ ಎಣ್ಣೆ ಇಳಿಯತೊಡಗಿತು. ಏಂಜೆಲಾಳ ಕೆನ್ನೆಯಲ್ಲಿ ಕರಿ ಪಟ್ಟೆ, ನಡುವೆ ಬಿಳಿ ಪಟ್ಟೆ, ಫ್ರಾಕಿನ ತುಂಬ ಮಸಿ. ಸಭೆ ಗೊಳ್ಳೆಂದಿತು. ಡ್ರೈವರ್ ಪಾತ್ರದ ಹೆರಾಲ್ಡ್ "ಏಳು!" ಎಂದು ಗದರಿದ್ದೇ ತಡ, ಏಳಲೇಬಾರದ ನಾಯಕಿ ಎದ್ದು, "ಮಮ್ಮಾ!" ಎಂದು ಅಳುತ್ತ ಓಡಿದಳು. ದಿಕ್ಕು ತಪ್ಪಿದ ಹೆರಾಲ್ಡ್ ಖಾಲಿ ಕುರ್ಚಿಗೇ "ಏಳು! ಯಲ್ಲಾ, ಬೇಗ!" ಎಂದು ಅರಬಿ ಬೆರೆಸಿ ಕೂಗಿದ.

ಆಗ ಹಿಂದಿನಿಂದ ಜೇನ್ ಬಂದು ಆ ಕುರ್ಚಿಯಲ್ಲಿ ಕೂತಳು.

"ನಾನು ಏಳುವುದಿಲ್ಲ."

ನಗು ಕತ್ತರಿಸಿದಂತೆ ನಿಂತಿತು. ಆಮೇಲೆ ಬಿದ್ದ ಚಪ್ಪಾಳೆಗೆ ಆಲ್ಬಿನಾಳ ಕಣ್ಣು ಮಂಜಾಯಿತು.

ಪರದೆ ಬಿದ್ದ ಕೂಡಲೇ ಟೀಚರ್ ಹಾಜರು. ಕೈಯ ಮಸಿಯನ್ನು ಸೆರಗಿಗೆ ಒರೆಸಿಕೊಂಡು, ಜೇನಳ ಹೆಗಲ ಮೇಲೆ ಕೈ ಹಾಕಿ, ಮುಖ್ಯ ಅತಿಥಿಗಳಿಗೆ ಹೇಳಿದರು: "ಎಲ್ಲ ನಾನೇ ಕಲಿಸಿದ್ದು."

"ಹೌದು ಟೀಚರ್," ಆಲ್ಬಿನಾ ಎಲ್ಲರಿಗೂ ಕೇಳುವಂತೆ ಹೇಳಿದಳು, "ಹಿಂದೆ ನಿಲ್ಲಲಿಕ್ಕೆ ನೀವೇ ಕಲಿಸಿದ್ದು. ಕೂತದ್ದು ಅವಳೇ."