ಗುಮ್ಮನಗುಸುಕ ಎಂಬ ಮಾತು

ಮಾತು ಕಡಿಮೆ ಆಡುವವರಿಗೆ ತೀರ್ಥಹಳ್ಳಿ ಹತ್ತಿರದ ನಮ್ಮ ಮೇಳಿಗೆಯ ಕಡೆ ಗುಮ್ಮನಗುಸುಕ ಅನ್ನುತ್ತಾರೆ. ಕೇಳಲು ತಮಾಷೆಯಾಗಿದೆ, ಅನ್ನುವವರೂ ನಗುತ್ತಲೇ ಅನ್ನುತ್ತಾರೆ. ಆದರೆ ಅದರ ಅರ್ಥ ಬರೀ ಮೌನಿ ಎಂದಲ್ಲ. ಮೇಲೆ ಸುಮ್ಮನಿದ್ದಾನೆ, ಹೊಟ್ಟೆಯೊಳಗೆ ಏನೋ ಇಟ್ಟುಕೊಂಡಿದ್ದಾನೆ ಎಂದು. ನಾನು ಮದುವೆಯಾಗಿ ಬಂದಾಗಿನಿಂದ ಊರು ನನ್ನ ಗಂಡನನ್ನು ಹಾಗೇ ಕರೆಯಿತು. ಈಗ ಅವರಿಲ್ಲ. ಸಮಾಧಾನವಾಗಲಿ ಎಂದು ಇದನ್ನು ಬರೆಯುತ್ತಿಲ್ಲ, ಸಿಟ್ಟಿಗೆ ಬರೆಯುತ್ತಿದ್ದೇನೆ.

ಸಾವಿನ ಮನೆಗೆ ಹೋಗುವುದಕ್ಕೆ ನಾವು ‘ಮಾತಾಡಿಸಿ ಬರುವುದು’ ಎನ್ನುತ್ತೇವೆ. ಇವರು ಹೋಗುತ್ತಿದ್ದರು, ಮಾತಾಡಿಸುತ್ತಿರಲಿಲ್ಲ. ಸುದ್ದಿ ಬಂದ ಕೂಡಲೇ ಕೊಡಲಿ ಹಿಡಿದು ಹೊರಟು, ಚಿತೆಗೆ ಮಾವಿನ ಸೌದೆ ಕಡಿಯುವವರ ಜೊತೆ ಸೇರಿಕೊಳ್ಳುತ್ತಿದ್ದರು. ಕೆಲಸ ಮುಗಿದ ಮೇಲೆ ಸ್ನಾನ, ನೇರ ಮನೆ. ಜಗಲಿಯಲ್ಲಿ ಕೂತು ‘ಕೊನೆಗೆ ಏನಂದ್ರು, ಬಾಯಿಗೆ ನೀರು ಬಿಟ್ರಾ’ ಎಂದು ಕೇಳಿದವರೇ ಒಳ್ಳೆಯವರು. ಇವರ ಬಗ್ಗೆ, ‘ಬಂದಿದ್ದ, ಒಂದ್ ಮಾತಾಡ್ಲಿಲ್ಲ.’

ಒಮ್ಮೆ ಊರಿನಲ್ಲಿ ಯಾರೋ ಮರ ಕಡಿದದ್ದು ಫಾರೆಸ್ಟಿನವರಿಗೆ ತಿಳಿಯಿತು. ಹೇಳಿದವರು ಯಾರೆಂದು ಗೊತ್ತಾಗಲಿಲ್ಲ. ಗೊತ್ತಾಗದಿದ್ದರೆ ಗುಮ್ಮನಗುಸುಕನೇ ಇರಬೇಕು ಎಂದಾಯಿತು. ನಾಟಿಯಲ್ಲಿ ನಮ್ಮದು ಮುಯ್ಯಾಳಿನ ಲೆಕ್ಕ: ನಿಮ್ಮ ಗದ್ದೆಗೆ ನಾವು, ನಮ್ಮ ಗದ್ದೆಗೆ ನೀವು. ಆ ಮಳೆಗಾಲ ನಾವು ಎಲ್ಲರ ಗದ್ದೆಯಲ್ಲೂ ಬಗ್ಗಿ ನೆಟ್ಟಿದ್ದೆವು. ನಮ್ಮ ಸರದಿಗೆ ಒಬ್ಬರೂ ಬರಲಿಲ್ಲ.

“ನಾನಲ್ಲ ಅಂತ ಹೋಗಿ ಹೇಳ್ಬಾರ್ದಾ?” ಎಂದೆ.

“ನಂಬೋರಾಗಿದ್ರೆ ಕೇಳ್ತಿದ್ರು” ಎಂದರು. ಸಸಿಯ ಕಟ್ಟು ಹೊತ್ತು ಗದ್ದೆಗೆ ಇಳಿದರು.

ಈ ವರ್ಷ ಎದೆನೋವೆಂದು ತೀರ್ಥಹಳ್ಳಿಗೆ ಕರೆದುಕೊಂಡು ಹೋಗುವಾಗ ದಾರಿಯಲ್ಲೇ ಹೋದರು. ತಿಥಿ ಮುಗಿದ ಮೇಲೂ ಮಾತಾಡಿಸಲು ಜನ ಬರುತ್ತಿದ್ದರು. ಚಾಪೆಯ ನಡುವೆ ನನ್ನ ಓರಗಿತ್ತಿ, ಅಂದರೆ ಇವರ ಅಣ್ಣನ ಹೆಂಡತಿ, ಬಂದವರಿಗೆಲ್ಲ ಸಾವಿನ ಕಥೆ ಹೇಳುತ್ತಿದ್ದಳು. ದಾರಿಯಲ್ಲಿ ಜೊತೆಗಿದ್ದದ್ದು ನಾನು, ಅವಳಲ್ಲ. ಕಾಲೇಜಿಗೆ ಹೋಗುವ ನನ್ನ ಮಗಳು ಜನರ ಎದುರು ಅಳಲಿಲ್ಲ. ಹಿತ್ತಲಲ್ಲಿ ಲೋಟ ತೊಳೆಯುವುದು, ಕಾಫಿ ತರುವುದು, ಅಷ್ಟೇ.

ಒಂದು ಮಧ್ಯಾಹ್ನ ಅವಳು ತಟ್ಟೆ ಹಿಡಿದು ಬಂದಾಗ ಓರಗಿತ್ತಿ ಎಲ್ಲರಿಗೂ ಕೇಳುವ ಹಾಗೆ ಅಂದಳು: “ಬಾಯಲ್ಲೂ ಎಂಥದೂ ಇಲ್ಲ, ಕಣ್ಣಲ್ಲೂ ಎಂಥದೂ ಇಲ್ಲ. ನೋಡ್ರೇ ಗುಮ್ಮನಗುಸ್ಕೀನ! ಅಪ್ಪ ಮತ್ತೆಂಥ ಬಿಟ್ಟು ಹೋಗದಿದ್ರೂ ಇದೊಂದ್ ಬಿಟ್ಟು ಹೋದ.”

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಮಗಳು ಒಬ್ಬೊಬ್ಬರ ಮುಂದೆಯೂ ಕಾಫಿ ಲೋಟ ಇಟ್ಟಳು. ಈ ಹೆಸರು ಇವತ್ತು ಅಂಟಿದರೆ ಇವಳ ಜೀವಮಾನಕ್ಕೂ ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು.

“ಅಕ್ಕ, ಏಳಿ” ಎಂದೆ.

“ಎಂಥಕೆ?”

“ಚಾಪೆ ಮಡಚ್ಬೇಕು.”

“ಇನ್ನೂ ಜನ ಬರ್ತಾರಲ್ಲೇ ಮಾರಾಯ್ತಿ, ಮಾತಾಡ್ಸಕ್ಕೆ!”

“ಮಾತಾಡಿದ್ದು ಸಾಕು. ನನ್ ಮಗಳಿಗೆ ಆ ಹೆಸರಿಡೋರು ಈ ಅಂಗಳಕ್ಕೆ ಬರೋದ್ ಬ್ಯಾಡ. ನಕ್ಕೋರೂ ಅಷ್ಟೇ.”

“ಸಾವಾದ ಮನೇಲಿ ಜಗಳ ತೆಗಿತೀಯಾ? ಊರೋರು ಎಂಥ ಅಂದಾರು?”

“ಇಷ್ಟು ವರ್ಷ ಅಂದಿದ್ದಾರಲ್ಲ, ಇನ್ನೊಂಚೂರು ಅನ್ಲಿ.”

ಚಾಪೆಯ ತುದಿ ಹಿಡಿದು ಎಳೆದೆ. ಏಳದೆ ವಿಧಿಯಿರಲಿಲ್ಲ. ಕಾಫಿ ಅರ್ಧಕ್ಕೇ ಬಿಟ್ಟು ಎಲ್ಲರೂ ಹೊರಟರು. ಸಾವಿನ ಮನೆಯಿಂದ ಹೋಗುವವರಿಗೆ ‘ಹೋಗಿ ಬನ್ನಿ’ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಅದೂ ಒಳ್ಳೆಯದೇ ಆಯಿತು.

ಈಗ ಎರಡು ಮನೆಗೂ ಮಾತಿಲ್ಲ. ಹೊಸನಗರದ ಯಾವುದೋ ಮದುವೆಮನೆಯಲ್ಲೂ ಓರಗಿತ್ತಿ ನನ್ನ ಸುದ್ದಿ ಹೇಳಿಕೊಂಡು ಬಂದಳಂತೆ, ಗಂಡ ಸತ್ತಿದ್ದೇ ಬಾಯಿ ಬಂತು ಎಂದು. ಮೊನ್ನೆ ಬಸ್ಸಿನಲ್ಲಿ ಯಾರೋ ಮಗಳನ್ನು ಕೇಳಿದರಂತೆ, “ನಿಮ್ಮಮ್ಮ ದೊಡ್ಡಮ್ಮನ್ನ ಎಬ್ಬಿಸಿ ಓಡ್ಸಿದ್ದು ಹೌದನೇ?”

“ಹೌದು” ಎಂದು ಹೇಳಿ ಕಿಟಕಿಯ ಕಡೆ ತಿರುಗಿ ಕೂತಳಂತೆ.